ಶುಗರ್ ರೋಗಿಯ ಉಪವಾಸ ಮತ್ತು ಅಮೆರಿಕದಲ್ಲಿ ನಿಂತ ಹಣ

ಶಅಬಾನ್ ತಿಂಗಳು ಅರ್ಧ ದಾಟಿದರೆ ಸಾಕು, ಮದ್ರಸದ ಬಾಗಿಲಲ್ಲಿ, ಮಸೀದಿಯ ಹೌಳ್ ಬಳಿ, ಮದುವೆ ಮನೆಯ ಊಟದ ಸಾಲಿನಲ್ಲಿ ನಮಗೆ ಒಂದೇ ಪ್ರಶ್ನೆ ಎದುರಾಗುತ್ತದೆ. ‘ಉಸ್ತಾದರೇ, ನನಗೆ ಶುಗರ್ ಉಂಟು. ಈ ಸಲ ಉಪವಾಸ ಹಿಡಿಯಬಹುದಾ?’ ಮೊದಲೆಲ್ಲ ಐವತ್ತು ದಾಟಿದವರು ಕೇಳುತ್ತಿದ್ದರು. ಈಗ ಗಲ್ಫಿನಿಂದ ರಜೆಯಲ್ಲಿ ಬಂದ ಮೂವತ್ತೈದರ ಹುಡುಗರೂ ಕೇಳುತ್ತಾರೆ.

ಕಿತಾಬಿನ ಉತ್ತರ ನಮಗೆ ಗೊತ್ತು. ರೋಗಿಗೆ ರಿಯಾಯಿತಿ ಉಂಟು. ಉಪವಾಸದಿಂದ ರೋಗ ಉಲ್ಬಣಿಸುತ್ತದೆ ಎಂದು ನಂಬಿಗಸ್ತ ಡಾಕ್ಟರ್ ಹೇಳಿದರೆ ಬಿಡಬಹುದು, ಜೀವಕ್ಕೇ ಅಪಾಯ ಎಂದರೆ ಬಿಡಲೇಬೇಕು. ಗುಣವಾದ ಮೇಲೆ ಖಝಾ ತೀರಿಸಬೇಕು. ಗುಣವಾಗುವ ನಿರೀಕ್ಷೆಯೇ ಇಲ್ಲದವರು ದಿನಕ್ಕೊಂದು ಮುದ್ದ್ ಆಹಾರವನ್ನು ಫಿದ್ಯಾ ಆಗಿ ಕೊಡಬೇಕು. ಇಷ್ಟು ಹೇಳಿ ‘ಡಾಕ್ಟರ್ ಹತ್ರ ಕೇಳಿ’ ಎಂದು ಕಳಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತು ಅಂತ ಬಹಳ ವರ್ಷ ತಿಳಿದುಕೊಂಡಿದ್ದೆವು.

ಕಳೆದ ರಮಝಾನಿನಲ್ಲಿ ನಮ್ಮ ಜಮಾಅತಿನ ಹಿರಿಯರೊಬ್ಬರು ಅಸರ್ ನಮಾಝಿನ ಸಫ್ಫಿನಲ್ಲೇ ಕುಸಿದು ಬಿದ್ದರು. ಮೈಯೆಲ್ಲ ಬೆವರು, ಮಾತು ತೊದಲು. ಪಕ್ಕದಲ್ಲಿದ್ದ ಯುವಕನೊಬ್ಬ ಬುದ್ಧಿವಂತ, ಓಡಿ ಹೋಗಿ ಸಕ್ಕರೆ ನೀರು ತಂದು ಕುಡಿಸಿದ. ಆಮೇಲೆ ವಿಚಾರಿಸಿದರೆ ಅವರು ಶುಗರಿನ ಮಾತ್ರೆಯನ್ನು ಎಂದಿನ ಪ್ರಮಾಣದಲ್ಲೇ ಸಹರಿಗೆ ತಿಂದಿದ್ದರು. ಉಪವಾಸ ಹಿಡಿದರೆ ಶುಗರ್ ತಾನಾಗಿ ಮಾಯವಾಗುತ್ತದೆ ಎಂಬ ಧ್ವನಿ ಸಂದೇಶವೊಂದು ಮೊಬೈಲಿಗೆ ಬಂದಿತ್ತಂತೆ. ‘ಡಾಕ್ಟರ್ ಹತ್ರ ಕೇಳಲಿಲ್ಲವಾ ಕಾಕಾ?’ ಎಂದರೆ, ‘ಅದರಲ್ಲಿ ಮಾತಾಡಿದವರೂ ಡಾಕ್ಟರೇ ಅಂತ ಇತ್ತಲ್ಲ ಉಸ್ತಾದರೇ’ ಎಂದರು.

ನಾವು ಡಾಕ್ಟರ್ ಅಲ್ಲ. ಆದರೆ ಮಕ್ಕಳಿಗೆ ಹದೀಸ್ ಕಲಿಸುವಾಗ ಒಂದು ವಿಷಯವನ್ನು ಮತ್ತೆ ಮತ್ತೆ ಹೇಳುತ್ತೇವೆ. ಮಾತು ಎಷ್ಟೇ ಚಂದ ಇರಲಿ, ಅದರ ಸನದ್ ನೋಡಬೇಕು. ಯಾರಿಂದ ಯಾರು ಕೇಳಿದರು, ನಡುವೆ ಕೊಂಡಿ ತಪ್ಪಿದೆಯೇ, ಹೇಳಿದವರು ನಂಬಿಗಸ್ತರೇ. ಆ ಧ್ವನಿ ಸಂದೇಶಕ್ಕೆ ಸನದ್ ಇರಲಿಲ್ಲ. ಹಾಗಾದರೆ ಒಳ್ಳೆಯ ಡಾಕ್ಟರ್ ಹೇಳುವ ಮಾತಿಗೆ ಸನದ್ ಎಲ್ಲಿಂದ ಬರುತ್ತದೆ? ಪರಿಚಯದ ವೈದ್ಯರೊಬ್ಬರನ್ನು ಇದನ್ನೇ ಕೇಳಿದೆವು. ಅವರು ವಿವರಿಸಿದ್ದನ್ನು ಕೇಳುತ್ತಾ, ಅಮೆರಿಕದಲ್ಲಿ ಸಂಶೋಧನೆಯ ಹಣ ಕಡಿತವಾದ ಸುದ್ದಿ ನಮ್ಮ ಊರಿನ ಹೌಳ್ ಬಳಿಯ ಪ್ರಶ್ನೆಗೂ ಸಂಬಂಧಪಟ್ಟದ್ದು ಎಂದು ಅರ್ಥವಾಯಿತು.

ಮೊದಲು ಉಪವಾಸದ ಮಾತು. 2001ರಲ್ಲಿ ಭಾರತವೂ ಸೇರಿ 13 ದೇಶಗಳಲ್ಲಿ 12 ಸಾವಿರಕ್ಕೂ ಹೆಚ್ಚು ಮುಸ್ಲಿಂ ಮಧುಮೇಹಿಗಳನ್ನು ವಿಚಾರಿಸಿ ‘ಎಪಿಡಿಯಾರ್’ ಎಂಬ ಅಧ್ಯಯನ ನಡೆಯಿತು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ವಯಸ್ಸಾದ ಮೇಲೆ ಬರುವ ಸಾಮಾನ್ಯ ಬಗೆಯ, ಅಂದರೆ ಟೈಪ್ 2 ಮಧುಮೇಹ ಇರುವವರಲ್ಲಿ ಶೇ. 79ರಷ್ಟು ಮಂದಿ ರಮಝಾನಿನಲ್ಲಿ ಕನಿಷ್ಠ 15 ದಿನ ಉಪವಾಸ ಹಿಡಿದಿದ್ದರು. ರಿಯಾಯಿತಿ ಇದ್ದರೂ ನಮ್ಮವರು ಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅವರಲ್ಲಿ ಸಕ್ಕರೆ ಅಂಶ ಅಪಾಯಕಾರಿಯಾಗಿ ಕುಸಿಯುವ ಪ್ರಮಾಣ ಉಳಿದ ತಿಂಗಳುಗಳಿಗಿಂತ ಏಳೂವರೆ ಪಟ್ಟು ಹೆಚ್ಚಿತ್ತು. ನಮ್ಮ ಕಾಕನಿಗೆ ಆದದ್ದು ಇದೇ.

ಇಂಥ ಅಧ್ಯಯನಗಳ ಆಧಾರದಲ್ಲೇ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಮತ್ತು ರಮಝಾನ್ ಕುರಿತ ವೈದ್ಯರ ಕೂಟ ಸೇರಿ 2016ರಲ್ಲಿ ಮಾರ್ಗಸೂಚಿ ತಂದವು, 2021ರಲ್ಲಿ ಪರಿಷ್ಕರಿಸಿದವು. ರೋಗಿಯ ವಯಸ್ಸು, ತಿನ್ನುವ ಮದ್ದು, ಕಿಡ್ನಿಯ ಸ್ಥಿತಿ ಎಲ್ಲ ನೋಡಿ ಅಂಕ ಹಾಕಿ, ಯಾರಿಗೆ ಅಪಾಯ ಕಡಿಮೆ, ಯಾರಿಗೆ ಹೆಚ್ಚು ಎಂದು ಅದರಲ್ಲಿ ವಿಂಗಡಿಸಲಾಗಿದೆ. ಉಪವಾಸದ ನಡುವೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಅಥವಾ 300ಕ್ಕಿಂತ ಮೇಲೇರಿದರೆ ಆ ಕ್ಷಣವೇ ಉಪವಾಸ ಮುರಿಯಬೇಕು. ಬೆರಳು ಚುಚ್ಚಿ ಪರೀಕ್ಷೆ ಮಾಡಿದರೆ ಉಪವಾಸ ಮುರಿಯುವುದಿಲ್ಲ. ಕೊನೆಯ ಮಾತನ್ನು ನಾವು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ ಮಾರಾಯ್ರೇ!

ಇನ್ನು ಡಾಕ್ಟರ್‌ಗಳು ವರ್ಷವಿಡೀ ಹೇಳುವ ಮಾತು: ತೂಕ ಇಳಿಸಿ, ನಡೆಯಿರಿ. ಕೇಳಿ ಕೇಳಿ ನಮಗೆ ಸಾಕಾಗಿದೆ. ಆದರೆ ಅದಕ್ಕೂ ಗಟ್ಟಿ ಸನದ್ ಉಂಟು. 1996ರಲ್ಲಿ ಅಮೆರಿಕದಲ್ಲಿ ಸರಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಹಣದಿಂದ ‘ಮಧುಮೇಹ ತಡೆ ಕಾರ್ಯಕ್ರಮ’ ಶುರುವಾಯಿತು. ಶುಗರ್ ಇನ್ನೂ ಬಾರದ, ಆದರೆ ಬರುವ ಅಂಚಿನಲ್ಲಿದ್ದ 3,234 ಮಂದಿಯನ್ನು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡಿ ನೂರರಲ್ಲಿ ಏಳು ಪಾಲು ತೂಕ ಇಳಿಸುವ ಗುರಿ, ಇನ್ನೊಂದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ, ಮತ್ತೊಂದಕ್ಕೆ ಮದ್ದಿಲ್ಲದ ಹುಸಿ ಮಾತ್ರೆ. 2002ರಲ್ಲಿ ಫಲಿತಾಂಶ ಬಂತು. ಹುಸಿ ಮಾತ್ರೆಯವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್ ತಿಂದವರಲ್ಲಿ ಮಧುಮೇಹ ಶೇ. 31ರಷ್ಟು ಕಡಿಮೆ. ನಡೆದು ತೂಕ ಇಳಿಸಿದವರಲ್ಲಿ ಶೇ. 58ರಷ್ಟು ಕಡಿಮೆ. ಮಾತ್ರೆಯನ್ನು ನಡಿಗೆ ಸೋಲಿಸಿತ್ತು.

ಅಲ್ಲಿಗೇ ಬಿಡಲಿಲ್ಲ. ಅದೇ ಜನರನ್ನು ವರ್ಷ ವರ್ಷ ಕರೆದು ಪರೀಕ್ಷಿಸುತ್ತಾ ಹೋದರು. ಹತ್ತು ವರ್ಷದ ನಂತರವೂ ನಡಿಗೆಯ ಗುಂಪಿನಲ್ಲಿ ಶೇ. 34ರಷ್ಟು ಕಡಿಮೆ ಇತ್ತು. ಇತ್ತೀಚೆಗೆ ಅವರು ಹುಡುಕುತ್ತಿದ್ದದ್ದು ಇನ್ನೂ ಮುಂದಿನ ಪ್ರಶ್ನೆಯನ್ನು: ಇಷ್ಟು ವರ್ಷ ಶುಗರಿನ ಜೊತೆ ಬದುಕಿದವರ ನೆನಪಿನ ಶಕ್ತಿಗೆ, ಮೆದುಳಿಗೆ ಏನಾಗುತ್ತದೆ? ನಮ್ಮ ಮನೆಗಳಲ್ಲೂ ಮಕ್ಕಳ ಹೆಸರು ಮರೆಯುತ್ತಿರುವ ಉಮ್ಮಂದಿರು ಇದ್ದಾರೆ, ಅವರಲ್ಲಿ ಎಷ್ಟೋ ಮಂದಿಗೆ ಶುಗರ್ ಉಂಟು.

2025ರ ಮಾರ್ಚ್‌ನಲ್ಲಿ ಈ ಅಧ್ಯಯನದ ಹಣ ನಿಂತಿತು. ಕಾರಣ ಕೇಳಿದರೆ ನೀವು ನಂಬಲಿಕ್ಕಿಲ್ಲ. ಗಾಝಾ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಪ್ರತಿಭಟಿಸಿದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವು ಯಹೂದಿ ವಿದ್ಯಾರ್ಥಿಗಳಿಗೆ ರಕ್ಷಣೆ ಕೊಡಲಿಲ್ಲ ಎಂದು ಆರೋಪಿಸಿ ಟ್ರಂಪ್ ಸರಕಾರ ಅದರ ಸುಮಾರು 40 ಕೋಟಿ ಡಾಲರ್ ಅನುದಾನ ರದ್ದು ಮಾಡಿತು. ಮಧುಮೇಹ ಅಧ್ಯಯನದ ಹಣ ದೇಶದ ಬೇರೆ ಬೇರೆ ಕೇಂದ್ರಗಳಿಗೆ ಹೋಗುತ್ತಿದ್ದದ್ದು ಇದೇ ವಿಶ್ವವಿದ್ಯಾನಿಲಯದ ಮೂಲಕ. ಆ ಕೇಂದ್ರಗಳು ಬೋಸ್ಟನ್‌ನಿಂದ ಹೊನೊಲುಲುವರೆಗೆ ಹರಡಿವೆ. ಅಲ್ಲಿಗೆ ಬರುತ್ತಿದ್ದ ವೃದ್ಧ ರೋಗಿಗಳಿಗೂ ಕ್ಯಾಂಪಸ್ಸಿನ ಜಗಳಕ್ಕೂ ಏನು ಸಂಬಂಧ? ಪ್ರತಿಭಟನೆಯ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಶಿಕ್ಷೆ ಯಾರ ತಲೆ ಮೇಲೆ ಬಿತ್ತು ಎಂಬುದನ್ನು ನೋಡಬೇಕು. ಜುಲೈಯಲ್ಲಿ ವಿಶ್ವವಿದ್ಯಾನಿಲಯ 20 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು, ರದ್ದಾದ ಅನುದಾನದ ಹೆಚ್ಚಿನ ಪಾಲು ಮರಳುವುದಾಗಿ ಒಪ್ಪಂದವಾಯಿತು. ಆದರೆ 1990ರ ದಶಕದ ಕೊನೆಯಲ್ಲಿ ಐವತ್ತರ ಆಸುಪಾಸಿನಲ್ಲಿದ್ದವರು ಈಗ ಎಂಬತ್ತಕ್ಕೆ ಹತ್ತಿರ. ಅಂಥವರ ಒಂದು ವರ್ಷದ ಪರೀಕ್ಷೆ ತಪ್ಪಿದರೆ ಅದನ್ನು ಖಝಾ ತೀರಿಸಲು ಆಗುವುದಿಲ್ಲ.

ಇದೊಂದೇ ಅಲ್ಲ. 1,60,000ಕ್ಕೂ ಹೆಚ್ಚು ಮಹಿಳೆಯರನ್ನು ಮೂರು ದಶಕದಿಂದ ಹಿಂಬಾಲಿಸುತ್ತಿರುವ ಮಹಿಳಾ ಆರೋಗ್ಯ ಅಧ್ಯಯನದ ಪ್ರಾದೇಶಿಕ ಕೇಂದ್ರಗಳ ಗುತ್ತಿಗೆ ನಿಲ್ಲಿಸುವ ತೀರ್ಮಾನ ಅದೇ ಏಪ್ರಿಲ್‌ನಲ್ಲಿ ಬಂತು, ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡರು. ಮುಂದಿನ ವರ್ಷಕ್ಕೆ ಎನ್‌ಐಎಚ್‌ನ ಒಟ್ಟು ಹಣದಲ್ಲಿ ಶೇ. 40ರಷ್ಟು ಕಡಿತದ ಪ್ರಸ್ತಾವವನ್ನೂ ಅಧ್ಯಕ್ಷರ ಕಚೇರಿ ಮುಂದಿಟ್ಟಿತು. ಪ್ರಸ್ತಾವ ಬೇರೆ, ಅಲ್ಲಿನ ಸಂಸತ್ತು ಮಂಜೂರು ಮಾಡುವುದು ಬೇರೆ. ಆದರೂ ನಾಳೆ ಹಣ ಬರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದೆ ಹತ್ತು ಹದಿನೈದು ವರ್ಷದ ಅಧ್ಯಯನಕ್ಕೆ ಯಾರು ಕೈ ಹಾಕುತ್ತಾರೆ?

‘ಸರಕಾರ ಕೊಡದಿದ್ದರೆ ಮದ್ದಿನ ಕಂಪೆನಿಗಳು ಮಾಡಿಕೊಳ್ಳಲಿ’ ಎನ್ನುವವರು ಉಂಟು. ಕಂಪೆನಿಗಳು ಮಾಡುತ್ತವೆ ಕೂಡ, ಹೊಸ ಮದ್ದುಗಳು ಬಂದಿರುವುದು ಹಾಗೆಯೇ. ಆದರೆ ಫಜ್ರ್ ನಮಾಝ್ ಮುಗಿಸಿ ಅರ್ಧ ಗಂಟೆ ನಡೆದರೆ ಶುಗರ್ ದೂರವಾಗುತ್ತದೆಯೇ ಎಂಬುದನ್ನು ಯಾವ ಕಂಪೆನಿ ಪರೀಕ್ಷಿಸಬೇಕು? ನಡಿಗೆಯನ್ನು ಪ್ಯಾಕೆಟ್ ಮಾಡಿ ಮಾರಲು ಆಗುವುದಿಲ್ಲ. ಮೆಟ್‌ಫಾರ್ಮಿನ್ ಹಳೆಯ ಮದ್ದು, ಯಾರೂ ತಯಾರಿಸಬಹುದು, ಅಗ್ಗ. ಅದರಿಂದ ಇನ್ನೇನು ಲಾಭ, ಏನು ತೊಂದರೆ ಎಂದು ಮೂವತ್ತು ವರ್ಷ ಕಾದು ನೋಡುವಷ್ಟು ಲಾಭ ಅದರಲ್ಲಿಲ್ಲ. ಬಡವನಿಗೆ ಉಪಯೋಗವಾಗುವ ಉತ್ತರಗಳು ಬಹುತೇಕ ಸಾರ್ವಜನಿಕ ಹಣದಿಂದಲೇ ಬಂದಿವೆ. ಆ ಹಣ ನಿಂತರೆ ದುಬಾರಿ ಮದ್ದಿನ ಬಗ್ಗೆ ನಮಗೆ ಬಹಳಷ್ಟು ಗೊತ್ತಾಗುತ್ತದೆ, ಅಗ್ಗದ ದಾರಿಯ ಬಗ್ಗೆ ಸ್ವಲ್ಪವೂ ಗೊತ್ತಾಗುವುದಿಲ್ಲ. ಆಗ ರೋಗಿಯ ಮುಂದೆ ಎರಡು ದಾರಿ ಇದ್ದರೂ ಅವನಿಗೆ ಕಾಣುವುದು ಒಂದೇ.

ಅಮೆರಿಕದ ಲೆಕ್ಕ ನಮಗೆ ಹಾಗೆಯೇ ಹೊಂದುವುದೂ ಇಲ್ಲ. ಚೆನ್ನೈಯ ವೈದ್ಯರು 531 ಮಂದಿಯ ಮೇಲೆ ಇದೇ ರೀತಿ ಪರೀಕ್ಷೆ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಲ್ಲಿ ಆಹಾರ, ವ್ಯಾಯಾಮದ ಗುಂಪಿನಲ್ಲಿ ಮಧುಮೇಹ ಕಡಿಮೆಯಾದದ್ದು ಶೇ. 28.5, ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇ. 26.4. ಲಾಭ ಉಂಟು, ಆದರೆ 58 ಅಲ್ಲ. ನಮ್ಮ ಮೈ ಬೇರೆ, ನಮ್ಮ ತಟ್ಟೆಯಲ್ಲಿರುವ ಅನ್ನ ಬೇರೆ. ತಿರುವನಂತಪುರ ಜಿಲ್ಲೆಯಲ್ಲಿ 60 ಮತಗಟ್ಟೆ ವ್ಯಾಪ್ತಿಗಳನ್ನು ಆರಿಸಿ ಸಾವಿರ ಮಂದಿಯ ಜೊತೆ ನಡೆದ ಕೇರಳದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಊರಿನವರೇ ಗುಂಪು ಕಟ್ಟಿಕೊಂಡು ಒಬ್ಬರನ್ನೊಬ್ಬರು ನಡೆಸುವ ಪ್ರಯೋಗ ಅದು. ಹಣ್ಣು, ತರಕಾರಿ ತಿನ್ನುವುದು ಹೆಚ್ಚಿತು, ಆದರೆ ಮಧುಮೇಹ ಇಳಿದ ಪ್ರಮಾಣ ಖಚಿತವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ ಎಂದು ಅವರು 2018ರಲ್ಲಿ ಪ್ರಾಮಾಣಿಕವಾಗಿ ಬರೆದರು. ಅದಕ್ಕೆ ಮುಖ್ಯವಾಗಿ ಹಣ ಕೊಟ್ಟದ್ದು ಯಾರು ಗೊತ್ತಾ? ಆಸ್ಟ್ರೇಲಿಯಾದ ಸರಕಾರಿ ಸಂಶೋಧನಾ ಮಂಡಳಿ.

ನಮ್ಮ ದೇಶವೂ ಸುಮ್ಮನೆ ಕೂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹಣದಿಂದ 2008ರಿಂದ 2020ರವರೆಗೆ 1,13,043 ಮಂದಿಯನ್ನು ಪರೀಕ್ಷಿಸಿದ್ದರಿಂದಲೇ ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, ಅಂಚಿನಲ್ಲಿರುವವರು 13.6 ಕೋಟಿ ಎಂದು 2023ರಲ್ಲಿ ನಮಗೆ ಗೊತ್ತಾದದ್ದು. ಆದರೆ 2025-26ರ ಕೇಂದ್ರ ಬಜೆಟ್ ನೋಡಿ. ಆರೋಗ್ಯ ಸಚಿವಾಲಯಕ್ಕೆ ಸುಮಾರು 99,859 ಕೋಟಿ ರೂಪಾಯಿ, ಅದರಲ್ಲಿ ಆರೋಗ್ಯ ಸಂಶೋಧನಾ ಇಲಾಖೆಗೆ ಸುಮಾರು 3,901 ಕೋಟಿ. ನೂರು ರೂಪಾಯಿಯಲ್ಲಿ ನಾಲ್ಕು ರೂಪಾಯಿಯೂ ಇಲ್ಲ. ಅಮೆರಿಕದವರು ಇದ್ದದ್ದನ್ನು ಕಡಿಯುತ್ತಿದ್ದಾರೆ, ನಾವು ಮೊದಲಿನಿಂದಲೂ ಕಡಿಮೆಯೇ ಹಾಕಿದವರು.

ನಮ್ಮ ಸಮುದಾಯದಲ್ಲಿ ಆಂಬುಲೆನ್ಸ್‌ಗೆ, ಡಯಾಲಿಸಿಸ್ ಯಂತ್ರಕ್ಕೆ ದಾನ ಕೊಡುವವರಿಗೆ ಬರ ಇಲ್ಲ. ಅದು ದೊಡ್ಡ ಮಾತು, ಅಲ್ಲಾಹನು ಸ್ವೀಕರಿಸಲಿ. ಕಿಡ್ನಿ ಯಾಕೆ ಹೋಗುತ್ತದೆ ಎಂದು ನೋಡುವ ಕೆಲಸಕ್ಕೆ ಮಾತ್ರ ಯಾರೂ ಕೊಡುವುದಿಲ್ಲ, ಕೇಳುವವರೂ ಇಲ್ಲ. ಹಿಂದೆ ಹಾಗಿರಲಿಲ್ಲ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆ ವಖ್ಫ್ ಆದಾಯದಿಂದ ನಡೆಯುತ್ತಿತ್ತು, ಅಲ್ಲಿ ವೈದ್ಯ ಪಾಠವೂ ಇತ್ತು. ಅದಕ್ಕೂ ಮುಂಚೆ ರಾಝಿ ಎಂಬ ವೈದ್ಯರು (ತಫ್ಸೀರಿನ ರಾಝಿ ಅಲ್ಲ, ಅವರಿಗಿಂತ ಹಿಂದಿನವರು) ಮೆದುಳಿನ ಜ್ವರಕ್ಕೆ ರಕ್ತ ತೆಗೆಯುವ ಚಿಕಿತ್ಸೆ ನಿಜಕ್ಕೂ ಗುಣ ಕೊಡುತ್ತದೆಯೇ ಎಂದು ತಿಳಿಯಲು ಕೆಲವು ರೋಗಿಗಳ ರಕ್ತ ತೆಗೆದು, ಇನ್ನು ಕೆಲವರನ್ನು ಬೇಕೆಂದೇ ಹಾಗೆಯೇ ಬಿಟ್ಟು ಹೋಲಿಸಿ ನೋಡಿದ್ದನ್ನು ಬರೆದಿಟ್ಟಿದ್ದಾರೆ. ಅಮೆರಿಕದ ಆ ಮೂರು ಗುಂಪಿನ ಅಜ್ಜ ಅದು.

ಈ ಸಲ ರಮಝಾನಿಗೆ ಮುಂಚೆ ಒಂದು ಆದಿತ್ಯವಾರ ನಾವು ಆ ವೈದ್ಯರನ್ನು ಮದ್ರಸದ ಹಾಲಿಗೆ ಕರೆಸಿದೆವು. ಗಂಡಸರು ಈಚೆ, ಹೆಂಗಸರು ಪರದೆಯ ಆಚೆ. ಅವರು ಒಬ್ಬೊಬ್ಬರ ಚೀಟಿ ನೋಡಿ, ಮದ್ದಿನ ಹೊತ್ತು ಬದಲಿಸಿ, ಕೆಲವರಿಗೆ ಹಿಡಿಯಬಹುದು, ಕೆಲವರಿಗೆ ಬೇಡವೇ ಬೇಡ ಎಂದರು. ಬೇಡ ಎಂದವರಿಗೆ ಫಿದ್ಯಾದ ಲೆಕ್ಕ ಹೇಳುವುದು ನಮ್ಮ ಕೆಲಸ. ಕಳೆದ ವರ್ಷ ಕುಸಿದಿದ್ದ ಕಾಕನೂ ಬಂದಿದ್ದರು. ಅವರ ಪ್ರಶ್ನೆ ಚೊಕ್ಕವಾಗಿತ್ತು. ‘ಮೂವತ್ತು ಆಗುವುದಿಲ್ಲ ಅಂತ ಒಪ್ಪಿದೆ ಡಾಕ್ಟ್ರೇ. ಎಪ್ಪತ್ತು ದಾಟಿದ, ಕಿಡ್ನಿ ಸ್ವಲ್ಪ ಹಾಳಾದ ನನ್ನಂಥವನು ಎರಡು ದಿನಕ್ಕೊಂದರಂತೆ ಹಿಡಿದರೆ ಏನಾಗುತ್ತದೆ?’

ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಿಮ್ಮಂಥವರನ್ನೇ ಇಟ್ಟುಕೊಂಡು ಸರಿಯಾಗಿ ನೋಡಿದ ಅಧ್ಯಯನ ನನ್ನ ಕೈಯಲ್ಲಿ ಇಲ್ಲ ಕಾಕಾ. ಅದಕ್ಕೇ ಬೇಡ ಎನ್ನುತ್ತಿದ್ದೇನೆ’ ಎಂದರು. ಕಾಕ ತಲೆಯಾಡಿಸಿದರು, ಫಿದ್ಯಾ ಎಷ್ಟಾಗುತ್ತದೆ ಎಂದು ನಮ್ಮ ಕಡೆ ತಿರುಗಿದರು.