ನಮ್ಮ ಯುದ್ಧನೌಕೆಗಳು: ಕಟ್ಟಿದರೆ ಸಾಲದು

ಹೊಸ ಯುದ್ಧನೌಕೆಯೊಂದು ನೀರಿಗಿಳಿಯುವ ದಿನ ಹಡಗುಕಟ್ಟೆಯಲ್ಲಿ ಹಬ್ಬದ ಸಂಭ್ರಮವಿರುತ್ತದೆ. ತೆಂಗಿನಕಾಯಿ ಒಡೆಯುವರು, ವಾದ್ಯಗಳು ಮೊಳಗುವುವು, ಮರುದಿನದ ವೃತ್ತಪತ್ರಿಕೆಗಳಲ್ಲಿ ಚಿತ್ರಗಳು ಅಚ್ಚಾಗುವುವು. ಅದೇ ಹಡಗು ಹತ್ತು ವರ್ಷಗಳ ತರುವಾಯ ದುರಸ್ತಿಗೆಂದು ಕಟ್ಟೆಯನ್ನು ಸೇರಿದಾಗ ಅದರ ಸುದ್ದಿಯನ್ನು ಬರೆಯುವವರು ವಿರಳ. ರಾಷ್ಟ್ರವೊಂದರ ನೌಕಾಬಲವನ್ನು ಅಳೆಯುವಾಗ ಈ ಎರಡನೆಯ ದಿನಕ್ಕೂ ಮೊದಲನೆಯದರಷ್ಟೇ ಬೆಲೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ನಮಗೆ ತೋರಿದ ಕಾರಣಗಳನ್ನು ವಿದ್ಯಾರ್ಥಿಗಳ ಮುಂದಿಡುತ್ತೇವೆ.

ಹಡಗು ಕಟ್ಟುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಸೂರತ್ತಿನಿಂದ ಮುಂಬಯಿಗೆ ಬಂದ ಪಾರಸಿ ಶಿಲ್ಪಿ ಲವಜಿ ನಸರವಾನಜಿ ವಾಡಿಯಾ 1750ರಲ್ಲಿ ಅಲ್ಲಿ ಒಂದು ಒಣಗೋದಿಯನ್ನು ಕಟ್ಟಿದನು. ಹಡಗನ್ನು ಒಳಗೆ ಸೇರಿಸಿ, ಬಾಗಿಲನ್ನು ಮುಚ್ಚಿ, ನೀರನ್ನು ಹೊರಹಾಕಿ, ಅದರ ತಳವನ್ನು ಕಣ್ಣಾರೆ ನೋಡಿ ಸರಿಪಡಿಸಲು ಅನುಕೂಲವಾದ ಕಟ್ಟೆಗೆ ಒಣಗೋದಿ ಎಂದು ಹೆಸರು. ಇದೇ ವಾಡಿಯಾ ಮನೆತನದವರು ಬ್ರಿಟಿಷ್ ನೌಕಾಪಡೆಗಾಗಿ ತೇಗದ ಮರದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ತೇಗ ಗಟ್ಟಿಮರವೆಂಬುದು ನಿಜ. ಆದರೂ ಅದನ್ನು ಆರೈಕೆ ಮಾಡುವ ಕೈಗಳಿಲ್ಲದಿದ್ದರೆ ಇನ್ನೂರು ವರ್ಷ ಉಳಿಯುತ್ತಿತ್ತೆ? ಉಕ್ಕಿನ ಹಡಗಿಗೂ ಇದೇ ಮಾತು ಸಲ್ಲುತ್ತದೆ. 1959ರಲ್ಲಿ ‘ಹರ್ಮಿಸ್’ ಎಂಬ ಹೆಸರಿನಿಂದ ಬ್ರಿಟನ್ನಿನ ಸೇವೆಗೆ ಸೇರಿದ ವಿಮಾನವಾಹಕ ನೌಕೆ 1987ರಲ್ಲಿ ‘ವಿರಾಟ್’ ಎಂಬ ಹೆಸರು ಪಡೆದು ನಮ್ಮದಾಯಿತು. 2017ರವರೆಗೆ ನಮ್ಮ ಧ್ವಜವನ್ನು ಹೊತ್ತು ಸಾಗಿತು.

ಸ್ವಾತಂತ್ರ್ಯಾನಂತರ ನಾವು ಸಾಧಿಸಿದುದೂ ಅಲ್ಪವಲ್ಲ. ಕಲ್ಕತ್ತೆಯ ಗಾರ್ಡನ್ ರೀಚ್ ಕಟ್ಟೆಯಿಂದ 1961ರಲ್ಲಿ ‘ಅಜಯ್’ ಎಂಬ ಸಣ್ಣ ಕಾವಲು ನೌಕೆ ಹೊರಬಂದಿತು. 1972ರಲ್ಲಿ ಮುಂಬಯಿಯ ಮಜಗಾಂವ್ ಕಟ್ಟೆಯಲ್ಲಿ ಬ್ರಿಟಿಷ್ ನಕ್ಷೆಯಂತೆ ನಿರ್ಮಿತವಾದ ‘ನೀಲಗಿರಿ’ ಸೇವೆಗೆ ಸೇರಿತು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ 262 ಮೀಟರು ಉದ್ದದ ‘ವಿಕ್ರಾಂತ್’ ಸಿದ್ಧವಾಗಿ ನಿಂತಿತು. ಇದಕ್ಕೆ ಬೇಕಾದ ವಿಶೇಷ ಉಕ್ಕು ಹೊರಗಿನಿಂದ ದೊರೆಯದೆ ಹೋದಾಗ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯದವರು ಅದನ್ನು ತಾವೇ ರೂಪಿಸಿದರು. ನಮ್ಮ ಸರ್ಕಾರಿ ಉಕ್ಕಿನ ಕಾರ್ಖಾನೆಗಳು ತಯಾರಿಸಿಕೊಟ್ಟವು. ಆದರೆ ಹಡಗನ್ನು ನಡೆಸುವ ನಾಲ್ಕು ಅನಿಲ ಟರ್ಬೈನುಗಳ ವಿನ್ಯಾಸ ಅಮೆರಿಕದ್ದು. ಜೋಡಣೆ ಮತ್ತು ಪರೀಕ್ಷೆ ಮಾತ್ರ ಬೆಂಗಳೂರಿನಲ್ಲಿ ನಡೆದವು. ಹೆಮ್ಮೆಪಡುವಾಗ ಇದನ್ನೂ ಮರೆಯಲಾಗದು.

ಇನ್ನು ಸಮುದ್ರದ ಸ್ವಭಾವವನ್ನು ನೋಡೋಣ. ಉಪ್ಪುನೀರು ವಿದ್ಯುದ್ವಾಹಕ. ಹಡಗಿನ ಮೈ ಉಕ್ಕು, ತಿರುಗುವ ಪಂಕ ಕಂಚಿನದು. ಇವೆರಡರ ನಡುವೆ ಉಪ್ಪುನೀರಿದ್ದರೆ, ಪ್ರಯೋಗಶಾಲೆಯಲ್ಲಿ ನೀವು ಕಂಡ ವಿದ್ಯುತ್ಕೋಶವೇ ಏರ್ಪಟ್ಟು ಉಕ್ಕು ಕರಗತೊಡಗುತ್ತದೆ. ಅದನ್ನು ತಡೆಯಲು ತಳಕ್ಕೆ ಸತುವಿನ ತುಂಡುಗಳನ್ನು ಬಿಗಿಯುವರು. ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಈ ತತ್ತ್ವವನ್ನು ಹಂಫ್ರಿ ಡೇವಿ 1824ರಲ್ಲಿಯೇ ಬ್ರಿಟಿಷ್ ನೌಕಾಪಡೆಗೆ ತಿಳಿಸಿದ್ದನು. ಆಗ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಡೇವಿಯ ಉಪಾಯದಿಂದ ತಾಮ್ರವೇನೋ ಉಳಿಯಿತು. ಆದರೆ ಅದರ ಮೇಲೆ ಪಾಚಿಯೂ ಚಿಪ್ಪುಜೀವಿಗಳೂ ದಟ್ಟವಾಗಿ ಬೆಳೆದು ಹಡಗುಗಳ ವೇಗ ಕುಗ್ಗಿತು. ಕರಗುವ ತಾಮ್ರದ ವಿಷವೇ ಅಷ್ಟುದಿನ ಆ ಜೀವಿಗಳನ್ನು ದೂರವಿಟ್ಟಿತ್ತು! ಒಂದು ಕೇಡಿಗೆ ಮದ್ದು ಹುಡುಕಿದರೆ ಮತ್ತೊಂದು ತಲೆಯೆತ್ತುತ್ತದೆ. ಹಡಗಿನ ಪಾಲನೆಯು ಬರಿಯ ಕೂಲಿಕೆಲಸವಲ್ಲ, ರಸಾಯನ, ಲೋಹ, ಜೀವವಿಜ್ಞಾನಗಳು ಕೂಡುವ ಸಂಶೋಧನಾಕ್ಷೇತ್ರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪಾಲನೆಯ ಕಾಲದಲ್ಲಿ ಪ್ರಾಣಾಪಾಯವೂ ಉಂಟು. 2016ರ ಡಿಸೆಂಬರ್ 5ರಂದು ಮುಂಬಯಿಯ ಒಣಗೋದಿಯಿಂದ ಹೊರತರುವಾಗ ‘ಬೇತ್ವಾ’ ನೌಕೆ ಪಕ್ಕಕ್ಕೆ ಉರುಳಿ ಇಬ್ಬರು ನಾವಿಕರು ಮಡಿದರು. 2024ರ ಜುಲೈ 21ರಂದು ಅಲ್ಲಿಯೇ ದುರಸ್ತಿಯಲ್ಲಿದ್ದ ‘ಬ್ರಹ್ಮಪುತ್ರ’ಕ್ಕೆ ಬೆಂಕಿ ಹತ್ತಿತು, ಬೆಂಕಿ ಆರಿದ ಬಳಿಕ ಹಡಗು ವಾಲಿ ಮಲಗಿತು, ಒಬ್ಬ ನಾವಿಕನು ಅಸುನೀಗಿದನು. ಗೋದಿಗೆ ನೀರು ತುಂಬುವಾಗ ಹಡಗಿನ ಭಾರದ ಒಂದಂಶ ಕೆಳಗಿನ ದಿಮ್ಮಿಗಳ ಮೇಲೆ, ಉಳಿದುದು ನೀರಿನ ಮೇಲೆ ಇರುತ್ತದೆ. ಅದು ಬಹು ನಾಜೂಕಾದ ಗಳಿಗೆ. ಮೇಲಂತಸ್ತುಗಳಲ್ಲಿ ನೀರು ನಿಂತರಂತೂ ಗುರುತ್ವಕೇಂದ್ರ ಮೇಲೇರುತ್ತದೆ. ಹಡಗು ಓಲಿದ ಕಡೆಗೇ ನೀರು ಹರಿದು ಓಲುವಿಕೆಯನ್ನು ಹೆಚ್ಚಿಸುತ್ತದೆ. ಅಗಲವಾದ ತಟ್ಟೆಯಲ್ಲಿ ನೀರು ಹಿಡಿದು ನಡೆದವರಿಗೆ ಇದು ಗೊತ್ತು. 1942ರಲ್ಲಿ ನ್ಯೂಯಾರ್ಕಿನಲ್ಲಿ ‘ನಾರ್ಮಂಡಿ’ ಎಂಬ ಬೃಹನ್ನೌಕೆ ಮಗುಚಿದುದು ಬೆಂಕಿ ನಂದಿಸಲು ಸುರಿದ ನೀರಿನ ಭಾರದಿಂದ.

ಹಣ ಮಿತವಾಗಿರುವಾಗ ಮೊದಲು ಹೊಸ ಹಡಗುಗಳನ್ನೇ ಕಟ್ಟಬೇಡವೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಹತ್ತು ಹಡಗುಗಳ ಪಡೆಯಲ್ಲಿ ನಾಲ್ಕು ದುರಸ್ತಿಗಾಗಿ ಕಾದು ನಿಂತಿದ್ದರೆ ಕಡಲಿನಲ್ಲಿರುವುವು ಆರೇ. ‘ವಿಕ್ರಾಂತ್’ನ ತಳಹದಿ ಇಟ್ಟುದು 2009ರಲ್ಲಿ; ಅದು ಸೇವೆಗೆ ಸೇರಲು ಹದಿಮೂರು ವರ್ಷಗಳು ಬೇಕಾದವು. ಹೊಸದು ಬರುವವರೆಗೆ ಕಡಲನ್ನು ಕಾಯಬೇಕಾದುವು ಹಳೆಯವೇ. 1977ರಲ್ಲಿ ಆರಂಭವಾದ ಕರಾವಳಿ ರಕ್ಷಣಾಪಡೆಗಂತೂ ಶಾಂತಿಕಾಲವೆಂಬ ಬಿಡುವಿಲ್ಲ. ಬಿರುಗಾಳಿಗೆ ಸಿಕ್ಕ ಮಲ್ಪೆಯ ಮೀನುಗಾರನಿಗೆ ನಾಳೆ ಕಟ್ಟಲಿರುವ ಹಡಗಿನಿಂದ ಪ್ರಯೋಜನವೇನು? ಇಂದು ಯಂತ್ರ ಚಾಲೂ ಆಗುವ ಹಡಗು ಅವನಿಗೆ ಬೇಕು.

ನಮ್ಮ ಕಾರವಾರದಲ್ಲಿ 2005ರಲ್ಲಿ ‘ಕದಂಬ’ ನೌಕಾನೆಲೆ ಕೆಲಸಕ್ಕೆ ತೊಡಗಿತು. ಸುಮಾರು 10,000 ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತಿ ನೆಲಕ್ಕೆ ತರಬಲ್ಲ ಯಂತ್ರವೇದಿಕೆ ಅಲ್ಲಿದೆ. ಆ ನೆಲೆಗಾಗಿ ಕಾರವಾರ, ಅಂಕೋಲೆಗಳ ಅನೇಕ ಕುಟುಂಬಗಳು ಮನೆ ಹೊಲಗಳನ್ನು ಬಿಟ್ಟುಕೊಟ್ಟಿವೆ. ಅವರ ಮಕ್ಕಳು ಅಲ್ಲಿ ನುರಿತ ಬೆಸುಗೆಗಾರರೂ ಎಂಜಿನಿಯರುಗಳೂ ಆಗುವಂತೆ ಆ ಜಿಲ್ಲೆಯಲ್ಲಿಯೇ ತಕ್ಕ ಶಿಕ್ಷಣ ದೊರೆಯಬೇಕು. ಅದು ಋಣ ತೀರಿಸುವ ದಾರಿಯೂ ಹೌದು.

ನಾವು ಕೋರುವುದು ಮೂರನ್ನು. ದುರಸ್ತಿಯ ಕಟ್ಟೆಗಳಿಗೆ ಹೊಸ ಹಡಗುಗಳಷ್ಟೇ ಆದರದಿಂದ ಹಣ ಒದಗಲಿ. ಅಪಘಾತಗಳ ವಿಚಾರಣೆಯಿಂದ ದೊರೆತ ಪಾಠಗಳಲ್ಲಿ ರಾಷ್ಟ್ರರಕ್ಷಣೆಗೆ ಬಾಧಕವಲ್ಲದಷ್ಟು ಭಾಗ ವಿದ್ಯಾರ್ಥಿಗಳ ಪಠ್ಯವನ್ನು ಸೇರಲಿ. ತುಕ್ಕು, ಬಣ್ಣ, ಬೆಸುಗೆ ಎಂದೊಡನೆ ಮೂಗು ಮುರಿಯುವ ಅಭ್ಯಾಸವನ್ನು ನಮ್ಮ ಕಾಲೇಜುಗಳು ಬಿಡಲಿ. ಮುಂದೆ ನಿಮ್ಮಲ್ಲಿ ಯಾರಾದರೂ ಒಣಗೋದಿಯ ಕೆಳಗಿಳಿದು, ಸವೆದ ಸತುವಿನ ತುಂಡನ್ನು ತೆಗೆದು ಹೊಸದನ್ನು ಬಿಗಿದರೆ, ಆ ಹಡಗಿನಲ್ಲಿ ಕಡಲಿಗೆ ಹೋಗುವ ನೂರಾರು ಜನರು ಕ್ಷೇಮವಾಗಿ ಮನೆಗೆ ಮರಳಲು ನೀವೂ ಕಾರಣರಾಗುವಿರಿ.