ಕಾಯುವವರೂ ನಮ್ಮವರಾಗಲಿ

ಊರಿನಿಂದ ಅತಿಥಿಗಳು ಬಂದಾಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕರೆದೊಯ್ದು ಟಿಪ್ಪುವಿನ ಹುಲಿಯನ್ನು ತೋರಿಸುವುದು ಬ್ರಿಟನ್ನಿನ ಕನ್ನಡ ಕುಟುಂಬಗಳಲ್ಲಿ ಬಹುಕಾಲದ ವಾಡಿಕೆ. ಆ ಮರದ ಹುಲಿಯ ಮುಂದೆ ನಿಂತವರಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಮೂಡುತ್ತವೆ. ಇದು ಇಲ್ಲಿಗೆ ಬಂದದ್ದು ಹೇಗೆ? ಮರಳಿ ಊರಿಗೆ ಹೋಗುವುದು ಎಂದು? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯದಾದ ಈ ಬಣ್ಣದ ಮರ ಇಂದಿಗೂ ನಮ್ಮ ಕಣ್ಣಿಗೆ ಕಾಣುವಂತೆ ಉಳಿದಿರುವುದು ಯಾರ ಆರೈಕೆಯಿಂದ?

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಈ ಹುಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. 1808ರಿಂದ ಕಂಪನಿಯ ಲಂಡನ್ ಕಚೇರಿಯಲ್ಲಿ ಪ್ರದರ್ಶನಕ್ಕಿದ್ದಾಗ ಬಂದವರೆಲ್ಲ ಹಿಡಿಕೆ ತಿರುಗಿಸಿ ಅದನ್ನು ಗರ್ಜಿಸುವಂತೆ ಮಾಡುತ್ತಿದ್ದರು. ಪಕ್ಕದಲ್ಲಿ ಓದುತ್ತ ಕುಳಿತವರಿಗೆ ಆ ಸದ್ದು ಕಿರಿಕಿರಿಯಾಗಿತ್ತು. ಕೊನೆಗೆ ಹಿಡಿಕೆಯೇ ಕಾಣೆಯಾಯಿತು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಛಾವಣಿ ಕುಸಿದು ಹುಲಿಯ ಮರದ ಮೈ ನೂರಾರು ಚೂರುಗಳಾಯಿತು. ಯುದ್ಧ ಮುಗಿದ ಮೇಲೆ ಆ ಚೂರುಗಳನ್ನು ತಾಳ್ಮೆಯಿಂದ ಜೋಡಿಸಲಾಯಿತು. 1947ರ ಹೊತ್ತಿಗೆ ಹುಲಿ ಮತ್ತೆ ಜನರ ಮುಂದೆ ನಿಂತಿತು. ಅದನ್ನು ಉಳಿಸಿದವರ ಹೆಸರು ನಮ್ಮಲ್ಲಿ ಯಾರಿಗೂ ತಿಳಿದಿಲ್ಲ.

ಹೀಗೆ ಕಾಯುವವರನ್ನು ಕ್ಯುರೇಟರ್ ಎನ್ನುತ್ತಾರೆ. ಕನ್ನಡದಲ್ಲಿ ಸಂಗ್ರಹಪಾಲಕ ಎನ್ನಬಹುದು. ಆ ಪದದ ಮೂಲ ಲ್ಯಾಟಿನ್ನಿನ ‘ಕೂರಾ’, ಅಂದರೆ ಆರೈಕೆ. ರೋಗವನ್ನು ಗುಣಪಡಿಸುವುದಕ್ಕೆ ಇಂಗ್ಲಿಷಿನಲ್ಲಿರುವ ‘ಕ್ಯೂರ್’ ಎಂಬ ಪದವೂ ಅದೇ ಬೇರಿನಿಂದ ಬಂದದ್ದು. ವೃತ್ತಿಯಿಂದ ವೈದ್ಯನಾದ ನನಗೆ ಈ ನಂಟು ಬರಿಯ ಪದಗಳದ್ದೆಂದು ತೋರುವುದಿಲ್ಲ. ಕಲಾಸಂಗ್ರಹವನ್ನು ಕಾಯುವುದು ವೈದ್ಯವೃತ್ತಿಯ ಸೋದರವೃತ್ತಿ ಎಂಬುದು ನನ್ನ ಅಭಿಪ್ರಾಯ. ಮಕ್ಕಳನ್ನು ವೈದ್ಯರನ್ನಾಗಿಸಲು ಇಷ್ಟೊಂದು ಹಂಬಲಿಸುವ ನಮ್ಮ ಸಮುದಾಯ ಈ ವೃತ್ತಿಯತ್ತ ಕಣ್ಣೆತ್ತಿಯೂ ನೋಡದಿರುವುದು ನಮಗೇ ಆಗುತ್ತಿರುವ ನಷ್ಟ.

ವೈದ್ಯರಲ್ಲಿ ಎರಡು ಬಗೆ: ರೋಗ ಬಂದ ಮೇಲೆ ಗುಣಪಡಿಸುವವರು, ರೋಗವೇ ಬಾರದಂತೆ ತಡೆಯುವವರು. ಹರಿದ ಪಟವನ್ನು ಜೋಡಿಸುವ, ಉದುರುತ್ತಿರುವ ಬಣ್ಣವನ್ನು ಅಂಟಿಸುವ ಸಂರಕ್ಷಣಾ ತಜ್ಞರು ಶಸ್ತ್ರವೈದ್ಯರಿದ್ದಂತೆ. ಸಂಗ್ರಹಪಾಲಕರ ದಿನನಿತ್ಯದ ಕೆಲಸ ಬಹುಪಾಲು ಎರಡನೆಯ ಬಗೆಯದು. ಬೆಳಕು, ತೇವ, ಕೀಟ, ಧೂಳು, ಕೈಯ ಸ್ಪರ್ಶ: ಇವೇ ಅವರು ಎದುರಿಸುವ ವ್ಯಾಧಿಗಳು.

ಬೆಳಕನ್ನೇ ತೆಗೆದುಕೊಳ್ಳೋಣ. ಜಲವರ್ಣ ಚಿತ್ರ, ಕಾಗದ, ಬಟ್ಟೆಗಳನ್ನು ಸುಮಾರು 50 ಲಕ್ಸ್ ಬೆಳಕಿನಲ್ಲಿ, ತೈಲವರ್ಣ ಚಿತ್ರಗಳನ್ನು ಸುಮಾರು 200 ಲಕ್ಸ್ ಬೆಳಕಿನಲ್ಲಿ ಇಡುವುದು ಮ್ಯೂಸಿಯಂಗಳಲ್ಲಿ ರೂಢಿ. ಗ್ಯಾಲರಿ ಇಷ್ಟು ಮಬ್ಬಾಗಿರುವುದೇಕೆ ಎಂದು ಗೊಣಗುವವರಿಗೆ ಉತ್ತರ ಇಲ್ಲಿದೆ. ಬೆಳಕಿನಿಂದಾಗುವ ಹಾನಿ ದಿನದಿನವೂ ಕೂಡುತ್ತ ಹೋಗುತ್ತದೆ. ಮಾಸಿದ ಬಣ್ಣ ಯಾವ ಚಿಕಿತ್ಸೆಗೂ ಮರಳುವುದಿಲ್ಲ. ವರ್ಷಕ್ಕೆ 3000 ಗಂಟೆ ತೆರೆದಿರುವ ಗ್ಯಾಲರಿಯಲ್ಲಿ 50 ಲಕ್ಸ್ ಬೆಳಕಿಗೆ ಒಡ್ಡಿದ ಚಿತ್ರಕ್ಕೆ ಬೀಳುವ ಒಟ್ಟು ಬೆಳಕು 1,50,000 ಲಕ್ಸ್-ಗಂಟೆ. ನಡು ಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಎಂದರೆ, ಗ್ಯಾಲರಿಯಲ್ಲಿ ಒಂದು ವರ್ಷದಲ್ಲಿ ಬೀಳುವಷ್ಟು ಬೆಳಕು ಬಿಸಿಲಿನಲ್ಲಿ ಒಂದೂವರೆ ಗಂಟೆಯಲ್ಲಿ ಬೀಳುತ್ತದೆ. ಆದ್ದರಿಂದಲೇ ಕಾಗದದ ಮೇಲಿನ ಚಿತ್ರಗಳನ್ನು ಕೆಲವು ತಿಂಗಳು ಪ್ರದರ್ಶಿಸಿ, ಬಳಿಕ ಕತ್ತಲೆಯಲ್ಲಿ ವಿಶ್ರಾಂತಿಗೆ ಇಡುತ್ತಾರೆ.

ತೇವದ ಪಾಠವನ್ನು ಜಗತ್ತಿಗೆ ಕಲಿಸಿದ್ದು ಇದೇ ದೇಶದ ಒಂದು ಪ್ರಸಂಗ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬುಗಳಿಂದ ಉಳಿಸಲು 1941ರಲ್ಲಿ ವೇಲ್ಸ್‌ನ ಮನೋಡ್ ಎಂಬಲ್ಲಿನ ಸ್ಲೇಟು ಕಲ್ಲಿನ ಗಣಿಯೊಳಗೆ ಸಾಗಿಸಲಾಯಿತು. ಅಲ್ಲಿ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ, ಉಷ್ಣತೆಯನ್ನು ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಶೇಕಡಾ 42ರಲ್ಲಿಯೂ ಸ್ಥಿರವಾಗಿ ಇರಿಸಿದರು. ಲಂಡನ್ನಿನಲ್ಲಿದ್ದಾಗ ಬಣ್ಣದ ಪದರ ಗುಳ್ಳೆಯೇಳುವುದೂ ಸಿಪ್ಪೆಯಂತೆ ಉದುರುವುದೂ ನಿತ್ಯದ ತಲೆನೋವಾಗಿದ್ದವು. ಗಣಿಯೊಳಗೆ ಆ ವ್ಯಾಧಿ ಬಹುಮಟ್ಟಿಗೆ ನಿಂತುಹೋಯಿತು. ಯುದ್ಧ ಮುಗಿದು ಚಿತ್ರಗಳು ಲಂಡನ್ನಿಗೆ ಮರಳಿದಾಗ ಅದು ಮತ್ತೆ ಕಾಣಿಸಿಕೊಂಡಿತು. ಕಾರಣ ಸರಳ: ಮರದ ಹಲಗೆ ತೇವವನ್ನು ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಅದರ ಮೇಲಿನ ಬಣ್ಣ ಅಷ್ಟು ಬಾಗಲಾರದೆ ಬಿರಿಯುತ್ತದೆ. ಚಿತ್ರಕ್ಕೆ ಬೇಕಾದದ್ದು ಔಷಧವಲ್ಲ, ಏರಿಳಿತವಿಲ್ಲದ ಹವೆ ಎಂಬುದು ಆಗ ಮನದಟ್ಟಾಯಿತು. ರೋಗಿಯ ಪರಿಸರ ಬದಲಾದಾಗ ರೋಗ ಹೋಗಿ, ಹಳೆಯ ಪರಿಸರಕ್ಕೆ ಮರಳಿದಾಗ ರೋಗವೂ ಮರಳಿದರೆ ಕಾರಣ ಎಲ್ಲಿದೆಯೆಂದು ವೈದ್ಯ ವಿದ್ಯಾರ್ಥಿಗೂ ಹೊಳೆಯುತ್ತದೆ.

ಈ ವಿವೇಕ ನಮ್ಮ ಹಿರಿಯರಿಗೆ ಹೊಸತಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ತಾಳೆಯ ಓಲೆಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದಿವೆ. ಅವುಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಕರಾವಳಿಯ ಮಳೆಗಾಲವನ್ನು ಕಂಡವರಿಗೆ ಇದು ಎಂತಹ ಸಾಹಸವೆಂದು ತಿಳಿದೀತು. ತೇವದಲ್ಲಿ ಬೂಷ್ಟು ಹಿಡಿಯುವ, ಗೆದ್ದಲು ತಿನ್ನುವ ನಾಡಿನಲ್ಲಿ ಶತಮಾನಗಳ ಕಾಲ ತಲೆಮಾರಿನಿಂದ ತಲೆಮಾರಿಗೆ ಯಾರೋ ಆ ಕಟ್ಟುಗಳನ್ನು ನೋಡಿಕೊಂಡಿದ್ದಾರೆ. ಸಂಗ್ರಹಪಾಲಕ ಎಂಬ ಹುದ್ದೆ ಅವರಿಗಿರಲಿಲ್ಲ, ಆ ಕರ್ತವ್ಯವಿತ್ತು.

ಆದರೆ ದೇಹವನ್ನು ಕಾದರೆ ಸಾಲದು. ರೋಗಿಯ ಹಿಂದಿನ ವಿವರಗಳಿಲ್ಲದೆ ವೈದ್ಯ ಕುರುಡನಾಗುತ್ತಾನೆ. ವಸ್ತುವಿಗೂ ಅಂಥದೊಂದು ಚರಿತ್ರೆ ಬೇಕು: ಯಾರು ಮಾಡಿದ್ದು, ಎಲ್ಲಿಯದು, ಯಾರ ಕೈಯಿಂದ ಯಾರ ಕೈಗೆ ಬಂತು, ಅದರ ಮೇಲೆ ಏನು ಬರೆದಿದೆ. ಮನೋಡ್‌ನಲ್ಲಿ ಚಿತ್ರಗಳ ಕಾವಲಿಗಿದ್ದ ಮಾರ್ಟಿನ್ ಡೇವಿಸ್ ಯುದ್ಧದ ವರ್ಷಗಳನ್ನು ಅವುಗಳನ್ನು ಹತ್ತಿರದಿಂದ ಅಭ್ಯಸಿಸುವುದರಲ್ಲಿ ಕಳೆದರು. ಯುದ್ಧಾನಂತರ ಬಂದ ಅವರ ವಿವರವಾದ ಸೂಚಿಗಳ ಹಿಂದೆ ಆ ಅಭ್ಯಾಸವಿತ್ತು. ವಿವರವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಕಂಡೆವು. ಬ್ರಿಟಿಷ್ ಮ್ಯೂಸಿಯಂನ ಸುಮಾರು 2000 ವಸ್ತುಗಳು ಕಾಣೆಯಾಗಿವೆ, ಕಳುವಾಗಿವೆ ಅಥವಾ ಹಾನಿಗೊಂಡಿವೆ ಎಂಬ ಸುದ್ದಿ ಹೊರಬಂದಾಗ, ಅವುಗಳಲ್ಲಿ ಬಹಳಷ್ಟು ಸರಿಯಾಗಿ ದಾಖಲೆಯೇ ಆಗಿರಲಿಲ್ಲ ಎಂಬುದೂ ಹೊರಬಂತು. ದಾಖಲೆಯಿಲ್ಲದ ವಸ್ತು ಕಳೆದುಹೋದರೂ ತಿಳಿಯುವುದಿಲ್ಲ, ಸಿಕ್ಕರೂ ನಮ್ಮದೆಂದು ಹೇಳಲಾಗುವುದಿಲ್ಲ.

ಇದಕ್ಕೆ ಎದುರಾದ ಉದಾಹರಣೆ ನಮ್ಮ ಮೈಸೂರಿನದು. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಯೋಲೆಯ ಕಟ್ಟೊಂದನ್ನು ಒಪ್ಪಿಸಿದ್ದರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಓದಿ, ಕಳೆದೇಹೋಯಿತೆಂದು ಭಾವಿಸಲಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದೆಂದು ಗುರುತಿಸಿದರು, 1909ರಲ್ಲಿ ಪ್ರಕಟಿಸಿದರು. ಆ ಓಲೆಗಳು ಗ್ರಂಥ ಲಿಪಿಯಲ್ಲಿದ್ದವು. ಕಾಯುವವನಿಗೆ ಓದಲು ಬಾರದಿದ್ದರೆ ಅದು ಕಪಾಟಿನಲ್ಲಿ ಇನ್ನೊಂದು ಕಟ್ಟಾಗಿಯೇ ಉಳಿಯುತ್ತಿತ್ತು.

ನಮ್ಮ ಸಮುದಾಯದ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯ ಸಂಗ್ರಹದ ಚಿತ್ರಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ನಮ್ಮ ಊರುಗಳಿವೆ, ಗುಡಿಗಳಿವೆ, ಜನರಿದ್ದಾರೆ. ಇಂಥ ಸಂಗ್ರಹಗಳ ನಡುವೆ ಕುಳಿತು ಊರಿನ ಹೆಸರನ್ನು ಸರಿಯಾಗಿ ಓದಬಲ್ಲ, ಉಡುಗೆಯನ್ನು ಕಂಡು ಸೀಮೆಯನ್ನು ಊಹಿಸಬಲ್ಲ, ಶಾಸನದ ಸಾಲನ್ನು ಬಿಡಿಸಬಲ್ಲ ಕನ್ನಡ ಬಲ್ಲವರು ಎಷ್ಟು ಮಂದಿ ಇದ್ದಾರೆ? ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ, ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ನಮ್ಮವರು ತುಂಬಿದ್ದಾರೆ. ನಮ್ಮ ನೆನಪುಗಳನ್ನು ಕಾಯುವ ಕಟ್ಟಡಗಳಲ್ಲಿ ನಾವು ಟಿಕೆಟ್ ಕೊಂಡ ಅತಿಥಿಗಳಾಗಿಯೇ ಉಳಿದಿದ್ದೇವೆ.

ಈ ಮಾತಿಗೆ ಎರಡು ಆಕ್ಷೇಪಗಳಿವೆ. ಮೊದಲನೆಯದು ಹೊಟ್ಟೆಪಾಡಿನದು. ಅದು ಸುಳ್ಳಲ್ಲ. ಈ ವೃತ್ತಿಯಲ್ಲಿ ಸಂಬಳ ಕಡಿಮೆ, ಹುದ್ದೆಗಳು ಕಡಿಮೆ, ತಾತ್ಕಾಲಿಕ ನೇಮಕಗಳೇ ಹೆಚ್ಚು. ಆದರೆ ಎರಡು ತಲೆಮಾರಿನ ದುಡಿಮೆಯಿಂದ ಈ ದೇಶದಲ್ಲಿ ಸ್ವಂತ ಮನೆ, ಉಳಿತಾಯ, ಭದ್ರತೆ ಪಡೆದ ಕುಟುಂಬಗಳು ನಮ್ಮಲ್ಲಿ ಅನೇಕ. ಎಲ್ಲ ಮಕ್ಕಳೂ ಅದೇ ಭದ್ರತೆಯನ್ನು ಮೊದಲಿನಿಂದ ಗಳಿಸಬೇಕೆಂಬ ನಿಯಮವೇನೂ ಇಲ್ಲ. ಇದು ವಿಜ್ಞಾನ ಬಲ್ಲ ಮಕ್ಕಳಿಗೆ ಹೊಂದದ ದಾರಿ ಎಂಬುದೂ ತಪ್ಪು ಕಲ್ಪನೆ. ಲಂಡನ್ನಿನ ಕೋರ್ಟಾಲ್ಡ್ ಸಂಸ್ಥೆಯಲ್ಲಿ ಚಿತ್ರಗಳ ಸಂರಕ್ಷಣೆಯನ್ನು, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಜವಳಿಯ ಸಂರಕ್ಷಣೆಯನ್ನು ಕಲಿಸುತ್ತಾರೆ. ಅಲ್ಲಿ ಕಲೆಯ ಕಣ್ಣಿನಷ್ಟೇ ರಸಾಯನಶಾಸ್ತ್ರದ ತಿಳಿವೂ ಬೇಕು. ಭಾರತೀಯ ಕಲೆಯ ಮಹಾ ವಿದ್ವಾಂಸ ಆನಂದ ಕುಮಾರಸ್ವಾಮಿಯವರು ಮೊದಲು ಭೂವಿಜ್ಞಾನಿ. ಸಿಲೋನಿನ ಖನಿಜಗಳ ಸಮೀಕ್ಷೆ ನಡೆಸಿದವರು. 1917ರಲ್ಲಿ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂ ಸೇರಿ ಅಲ್ಲಿನ ಭಾರತೀಯ ಸಂಗ್ರಹದ ಪಾಲಕರಾದರು.

ಎರಡನೆಯ ಆಕ್ಷೇಪ ಭಾವನೆಯದು: ಕೊಳ್ಳೆಯ ವಸ್ತುಗಳನ್ನು ಹಿಂದಿರುಗಿಸಬೇಕಾದವರ ಬಳಿ ನಾವೇಕೆ ಚಾಕರಿ ಮಾಡಬೇಕು? ಹಿಂದಿರುಗಿಸುವ ಚರ್ಚೆ ನಡೆಯಲೇಬೇಕು. ಅದಕ್ಕೆ 1963ರ ಬ್ರಿಟಿಷ್ ಮ್ಯೂಸಿಯಂ ಕಾಯಿದೆಯಂತಹ ಕಾನೂನಿನ ತೊಡಕುಗಳಿವೆ. ಅದು ಸಂಸತ್ತಿನಲ್ಲಿ ಬಗೆಹರಿಯಬೇಕಾದ ಮಾತು. ಆದರೆ ಚರ್ಚೆ ಮುಗಿಯುವವರೆಗೆ ಹುಳುಗಳು ಕಾಯುವುದಿಲ್ಲ. ಮಗುವಿನ ಪಾಲನೆಯ ವ್ಯಾಜ್ಯ ನ್ಯಾಯಾಲಯದಲ್ಲಿದೆಯೆಂದು ಅದರ ಜ್ವರಕ್ಕೆ ಮದ್ದು ಕೊಡದೆ ಇರುತ್ತೇವೆಯೇ? ಇಷ್ಟಕ್ಕೂ, ಯಾವ ವಸ್ತು ಯಾವ ಊರಿನದೆಂದು ದಾಖಲೆಯಲ್ಲಿ ಸರಿಯಾಗಿ ಬರೆದಿದ್ದರೆ ಮಾತ್ರ ಅದನ್ನು ಹಿಂದಕ್ಕೆ ಕೇಳಲು ಸಾಧ್ಯ. ಆ ದಾಖಲೆ ಬರೆಯುವ ಮೇಜಿನ ಬಳಿ ನಮ್ಮವರೊಬ್ಬರಿರುವುದು ಚಾಕರಿಯಲ್ಲ, ಹಕ್ಕು.

ಎಲ್ಲರೂ ಮ್ಯೂಸಿಯಂ ಸೇರಲಾಗದು. ಆದರೆ ಪ್ರತಿ ಮನೆಯಲ್ಲೂ ಒಂದು ಪುಟ್ಟ ಸಂಗ್ರಹವಿದೆ. ಅಜ್ಜಿಯ ಮೈಸೂರು ರೇಷ್ಮೆ ಸೀರೆ, ಮದುವೆಗೆ ಬಂದ ಮೈಸೂರು ಶೈಲಿಯ ಚಿತ್ರ, ಮುತ್ತಜ್ಜನ ಮಾಸಿದ ಛಾಯಾಚಿತ್ರ. ಚಿನ್ನದ ರೇಕಿನ ಚಿತ್ರವನ್ನು ರೇಡಿಯೇಟರ್ ಮೇಲೋ ಬಿಸಿಲು ಬೀಳುವ ಗೋಡೆಯಲ್ಲೋ ತೂಗುಹಾಕಬೇಡಿ. ಚಳಿಗಾಲದ ಒಣ ಹವೆಯಲ್ಲಿ ಅದರ ಉಬ್ಬುಗೆಲಸ ಬಿರಿಯುತ್ತದೆ. ಜರಿ ಸೀರೆಯ ಮಡಿಕೆಯನ್ನು ವರ್ಷಕ್ಕೆ ಒಂದೆರಡು ಬಾರಿ ಬದಲಿಸಿ, ತೊಳೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಉಣ್ಣೆಯ ಶಾಲಿಗೆ ನುಸಿ ಹಿಡಿದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಎರಡು ವಾರ ಮನೆಯ ಫ್ರೀಜರಿನಲ್ಲಿ −18 ಡಿಗ್ರಿಯಲ್ಲಿಡಿ. ಹೊರತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವವರೆಗೆ ಚೀಲ ಬಿಚ್ಚಬೇಡಿ. ಚಿತ್ರಗಳಿಗೂ ಛಾಯಾಚಿತ್ರಗಳಿಗೂ ಈ ಉಪಾಯ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದರ ವಿವರವನ್ನು ಸೀಸದಕಡ್ಡಿಯಲ್ಲಿ ಬರೆದಿಡಿ: ಯಾರದು, ಯಾವ ಊರಿನದು, ಯಾವ ವರ್ಷದ್ದು. ಆ ವಿವರ ಹೇಳಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಕೇಳಿ ಬರೆಯಿರಿ. ಬರೆಯುವ ಕೆಲಸವನ್ನು ಮಕ್ಕಳಿಗೆ ಕೊಡಿ.

ನಮ್ಮ ಸಂಘವೂ ಮಾಡಬಹುದಾದದ್ದು ಇದೆ. ಕನ್ನಡ, ತುಳು, ಕೊಡವ ಬಲ್ಲ, ಹಳೆಯ ಲಿಪಿಯನ್ನು ಓದಬಲ್ಲ ಸದಸ್ಯರ ಪಟ್ಟಿಯೊಂದನ್ನು ಸಿದ್ಧಪಡಿಸಿ, ನಮ್ಮ ಸುತ್ತಲಿನ ಮ್ಯೂಸಿಯಂಗಳಿಗೆ ನೆರವಿನ ಪತ್ರ ಬರೆಯಬಹುದು. ರಾಜ್ಯೋತ್ಸವದ ವೇದಿಕೆಗೆ ಒಮ್ಮೆಯಾದರೂ ಸಂರಕ್ಷಣಾ ತಜ್ಞರೊಬ್ಬರನ್ನು ಆಹ್ವಾನಿಸಬಹುದು. ಎ-ಲೆವೆಲ್ ವಿಷಯಗಳನ್ನು ಆರಿಸುವ ಹೊತ್ತಿನಲ್ಲಿ ನಿಮ್ಮ ಮಗಳೋ ಮಗನೋ ಕಲೆಯ ಇತಿಹಾಸ ಓದುತ್ತೇನೆ, ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತೇನೆ ಎಂದರೆ, ದಯವಿಟ್ಟು ಅದನ್ನು ಹವ್ಯಾಸದ ಮಾತೆಂದು ತಳ್ಳಿಹಾಕಬೇಡಿ. ಜೊತೆಗೆ ರಸಾಯನಶಾಸ್ತ್ರವನ್ನೂ ಕನ್ನಡವನ್ನೂ ಓದು ಎಂದು ಹೇಳಿ. ರೋಗಿಗಳನ್ನು ನೋಡಿಕೊಳ್ಳಲು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದೇವೆ. ನಮ್ಮ ಪೂರ್ವಿಕರ ಕೈಗೆಲಸವನ್ನು ನೋಡಿಕೊಳ್ಳಲು ಇನ್ನೂ ಕೆಲವರು ಬೇಕಾಗಿದ್ದಾರೆ.