ಬಾಣದ ತೂಕ

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿರುವ 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇಗುಲದ ಗೋಡೆಗಳಲ್ಲಿ ರಾಮಾಯಣ, ಮಹಾಭಾರತಗಳ ಬಿಲ್ಲಾಳುಗಳನ್ನು ಕಾಣಬಹುದು. ಬಿಲ್ಲಿನ ಬಾಗು ಕಲ್ಲಿನಲ್ಲಿ ಮೂಡಿದೆ. ಬಾಣದ ತೂಕವನ್ನು ಮಾತ್ರ ಕಲ್ಲು ಹೇಳಲಾರದು. ಬಿಲ್ವಿದ್ಯೆಯಲ್ಲಿ ಅದರ ಮಹತ್ವವಾದರೋ ಕಡಿಮೆಯದಲ್ಲ.

ಬಾಣ ಹಗುರಾದಷ್ಟೂ ವೇಗ ಹೆಚ್ಚು. ಅದನ್ನೇ ಗುಣವೆಂದು ಭಾವಿಸುವುದು ಸಲ್ಲದು. ಬಾಣವು ಒಯ್ಯದೆ ಉಳಿಸಿದ ಶಕ್ತಿ ಬಿಲ್ಲಿನಲ್ಲಿಯೇ ಉಳಿದು ಅದನ್ನು ಅದುರಿಸುತ್ತದೆ. ಮರದ ಬಿಲ್ಲು ಸೀಳಿ ಕಲಿಯುವವರಿಗೆ ಪೆಟ್ಟಾದೀತು. 40 ಪೌಂಡ್ ಸೆಳೆತದ ಸಾಂಪ್ರದಾಯಿಕ ಬಿಲ್ಲಿಗೆ ಸುಮಾರು 400 ಗ್ರೇನ್, ಎಂದರೆ 26 ಗ್ರಾಂ ತೂಕದ ಬಾಣ ಸಮಂಜಸ.

ಆಳವಾಗಿ ನಾಟಲೆಂದು ಬೇಟೆಗೆ ಭಾರದ ಬಾಣವೇ ಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ನಮ್ಮಲ್ಲಿ ಬೇಟೆಯ ಮಾತಿಲ್ಲ. ಗುರಿಯ ಅಭ್ಯಾಸಕ್ಕೆ ಬೇಕಾದುದು ಸಮತೂಕದ ಬಾಣಗಳು. ತೂಕ ಬೇರೆಯಾದರೆ ಕೈ ತಪ್ಪದಿದ್ದರೂ ಗುರಿ ತಪ್ಪುತ್ತದೆ. ಮಕ್ಕಳಿಗೆ ಬಿಲ್ಲು ಕೊಡುವ ಹಿರಿಯರು ಮೊದಲು ಬಾಣಗಳನ್ನು ತಕ್ಕಡಿಗೆ ಹಾಕಲಿ.